ಓದುಗರ ಪ್ರಶ್ನೆ: ‘ಪ್ಯಾನಿಕ್’ ಎಂದರೆ ಎಂಥ ಭಯ?

ಪ್ರಶ್ನೆ: ‘ಪ್ಯಾನಿಕ್ ಆಗಬೇಡಿ’, ‘ಪ್ಯಾನಿಕ್ ಬೈಯಿಂಗ್’, ‘ಪ್ಯಾನಿಕ್ ಬಟನ್’ ಎಂಬ ಮಾತುಗಳು ಪತ್ರಿಕೆಗಳಲ್ಲಿಯೂ ಟಿವಿಯಲ್ಲಿಯೂ ಬರುತ್ತಲೇ ಇರುತ್ತವೆ. ನನ್ನಲ್ಲಿರುವ ನಿಘಂಟು ‘ಭಯ, ದಿಗಿಲು, ಗಾಬರಿ’ ಎಂದು ಹೇಳಿ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಭಯಕ್ಕೆ ಫಿಯರ್, ಟೆರರ್, ಡ್ರೆಡ್ ಎಂದು ಹಲವು ಪದಗಳಿರುವಾಗ ಈ ಪದಕ್ಕೆ ಪ್ರತ್ಯೇಕವಾದ ಅರ್ಥವೇನಾದರೂ ಇದೆಯೇ? ಕೊರೊನಾ ಕಾಲದಲ್ಲಿ ಕೇಳಿದ ‘ಪ್ಯಾಂಡೆಮಿಕ್’ ಪದಕ್ಕೂ ಇದಕ್ಕೂ ಸಂಬಂಧವುಂಟೇ? ದಯವಿಟ್ಟು ಮೂಲವನ್ನು ವಿವರಿಸಬೇಕು.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರತ್ಯೇಕವಾದ ಅರ್ಥ ಖಂಡಿತವಾಗಿಯೂ ಇದೆ. ಫಿಯರ್ ಎಂಬುದು ಭಯಕ್ಕೆಲ್ಲ ಸಲ್ಲುವ ಸಾಮಾನ್ಯ ಪದ. ಹಾವನ್ನು ಕಂಡಾಗ ಹುಟ್ಟುವುದೂ ಅದೇ, ಪರೀಕ್ಷೆಯ ಫಲಿತಾಂಶವನ್ನು ನೆನೆದಾಗ ಹುಟ್ಟುವುದೂ ಅದೇ. ಡ್ರೆಡ್ ಎಂಬುದು ಮುಂದೆ ಬರಲಿರುವುದನ್ನು ಎಣಿಸಿ ಎಣಿಸಿ ಮನಸ್ಸಿನಲ್ಲಿ ಬೇರೂರುವ ಭಯ. ಟೆರರ್ ಎಂಬುದು ಮೈ ನಡುಗಿಸುವ ಭಯ. ಅದರ ಹಿಂದಿರುವ ಲ್ಯಾಟಿನ್ ಧಾತುವಿಗೂ ಸಂಸ್ಕೃತದ ‘ತ್ರಸ್’ ಧಾತುವಿಗೂ ಒಂದೇ ಮೂಲ. ನಾವು ಬರೆಯುವ ‘ಸಂತ್ರಸ್ತ’, ಉತ್ತರ ಕರ್ನಾಟಕದವರು ದಿನವೂ ಆಡುವ ‘ತ್ರಾಸ’ ಅದೇ ಕುಟುಂಬದವು. ಪ್ಯಾನಿಕ್ ಇವುಗಳಿಗಿಂತ ಬೇರೆ. ಅದು ಭಯ ಎಷ್ಟು ದೊಡ್ಡದೆಂದು ಹೇಳುವುದಿಲ್ಲ, ಎಂಥದೆಂದು ಹೇಳುತ್ತದೆ. ಕಾರಣ ಕಣ್ಣಿಗೆ ಬೀಳದೆ ಇದ್ದಕ್ಕಿದ್ದಂತೆ ಹುಟ್ಟಿ, ಒಬ್ಬರಿಂದ ಒಬ್ಬರಿಗೆ ಹಬ್ಬಿ, ನಿಂತು ಯೋಚಿಸುವ ಶಕ್ತಿಯನ್ನೇ ಕಸಿದುಕೊಳ್ಳುವ ಭಯಕ್ಕೆ ಆ ಹೆಸರು. ಈ ಮೂರು ಲಕ್ಷಣಗಳೂ ಪದದ ಹುಟ್ಟಿನಲ್ಲಿಯೇ ಸೇರಿಕೊಂಡಿರುವುದರಿಂದ ಮೂಲವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಈ ಪದ ಗ್ರೀಕರ ಪಾನ್ ಎಂಬ ದೇವರಿಂದ ಬಂದಿದೆ. ಪಾನ್ ಸೊಂಟದ ಕೆಳಗೆ ಮೇಕೆ, ಮೇಲೆ ಮನುಷ್ಯ. ತಲೆಯ ಮೇಲೆ ಕೊಂಬು, ಕೈಯಲ್ಲಿ ಜೊಂಡಿನ ಕೊಳಲು. ಅವನ ನೆಲೆ ಪೆಲೊಪೊನೀಸ್ ನಾಡಿನ ನಡುವಿನ ಅರ್ಕೇಡಿಯ, ಅಂದರೆ ಉಳುಮೆಗಿಂತ ಕುರಿ–ಮೇಕೆ ಸಾಕಣೆಯೇ ಮುಖ್ಯವಾಗಿದ್ದ ಬೆಟ್ಟದ ಸೀಮೆ. ಊರಿನ ನಡುವಿನ ದೊಡ್ಡ ಗುಡಿಗಳಿಗಿಂತ ಗುಹೆಗಳೂ ಬೆಟ್ಟದ ಓರೆಗಳೂ ಅವನಿಗೆ ಪ್ರಿಯವಾದ ಸ್ಥಳಗಳು. ಮಂದೆಯನ್ನು ಕಾಯುವವನೂ ಅವನೇ, ಮಂದೆಯನ್ನು ಬೆದರಿಸಿ ಚೆದುರಿಸುವವನೂ ಅವನೇ. ರೋಗವನ್ನು ಕೊಡುವವಳೂ ಕಳೆಯುವವಳೂ ಮಾರಮ್ಮನೇ ಎಂದು ನಂಬಿ ನಡೆದುಬಂದ ನಮ್ಮ ಹಳ್ಳಿಗಳವರಿಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ.

ಕುರಿಗಾಹಿಗಳು ಅವನಿಗೆ ಹೇಗೆ ಅಂಜುತ್ತಿದ್ದರು ಎಂಬುದನ್ನು ಕ್ರಿಸ್ತಪೂರ್ವ 3ನೆಯ ಶತಮಾನದ ಕವಿ ಥಿಯೊಕ್ರಿಟಸ್ ಒಂದು ಸಂವಾದದಲ್ಲಿ ಕಾಣಿಸಿದ್ದಾನೆ. ನಡುಮಧ್ಯಾಹ್ನ ಕೊಳಲು ನುಡಿಸೆಂದು ಒಬ್ಬನು ಕೇಳಿದಾಗ ಮೇಕೆ ಕಾಯುವವನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಪಾನ್ ಬೇಟೆಯಿಂದ ದಣಿದು ಮಲಗಿರುತ್ತಾನೆ, ಅವನ ಕೋಪ ಮೂಗಿನ ತುದಿಯಲ್ಲಿರುತ್ತದೆ, ನಮಗೆ ಅವನೆಂದರೆ ಭಯ ಎನ್ನುತ್ತಾನೆ. ಮಧ್ಯಾಹ್ನದ ಬಿಸಿಲಿನಲ್ಲಿ ಗಾಳಿ ನಿಂತು, ಮಂದೆ ನೆರಳಿನಲ್ಲಿ ಮೆಲುಕು ಹಾಕುತ್ತ ಮಲಗಿರುವಾಗ, ಯಾವ ತೋಳವೂ ಕಾಣದಿದ್ದರೂ ಒಂದು ಮೇಕೆ ಥಟ್ಟನೆ ಎದ್ದು ಓಡಿದರೆ ಉಳಿದವೂ ಅದರ ಹಿಂದೆಯೇ ಕಣಿವೆಗೆ ನುಗ್ಗುತ್ತವೆ. ಮೊದಲನೆಯ ಮೇಕೆ ಏನನ್ನು ಕಂಡಿತು ಎಂದು ಯಾರೂ ಹೇಳಲಾರರು. ಎರಡನೆಯದು ಕಂಡದ್ದು ಮೊದಲನೆಯದರ ಓಟವನ್ನು ಮಾತ್ರ. ಕಾಯುವವರು ಈ ಓಟವನ್ನು ಪಾನ್‌ನ ಕೆಲಸವೆಂದು ತಿಳಿದರು ಎಂಬುದು ವಿದ್ವಾಂಸರ ಸಾಮಾನ್ಯ ವಿವರಣೆ. ನನಗೂ ಅದೇ ಸರಿಯೆಂದು ತೋರುತ್ತದೆ.

ಮಂದೆಯಿಂದ ಪದ ಸೈನ್ಯದ ಬೀಡಿಗೆ ದಾಟಿತು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಮುತ್ತಿಗೆಯ ಕಾಲದ ರಕ್ಷಣೆಯನ್ನು ಕುರಿತು ಬರೆದ ಈನಿಯಸ್ ಎಂಬ ಸೇನಾ ಲೇಖಕನು ಬೀಡಿನಲ್ಲಿ ಹಠಾತ್ತಾಗಿ ಏಳುವ ಭೀತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಈ ಪದ ಪೆಲೊಪೊನೀಸಿನದು, ವಿಶೇಷವಾಗಿ ಅರ್ಕೇಡಿಯದ್ದು ಎಂದು ಗುರುತಿಸಿದ್ದಾನೆ. ಪಾನ್‌ನ ನೆಲೆಯೂ ಪದದ ನೆಲೆಯೂ ಒಂದೇ ಎಂಬುದಕ್ಕೆ ಇಷ್ಟು ಹಳೆಯ ಸಾಕ್ಷಿ ಸಿಕ್ಕಿರುವುದು ನಮ್ಮ ಪುಣ್ಯ.

ಅಂಥ ಒಂದು ರಾತ್ರಿಯನ್ನು ಕ್ರಿಸ್ತಶಕ 2ನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ವಿವರವಾಗಿ ದಾಖಲಿಸಿದ್ದಾನೆ. ಕ್ರಿಸ್ತಪೂರ್ವ 279ರಲ್ಲಿ ಬ್ರೆನ್ನಸ್ ಎಂಬ ನಾಯಕನ ಕೈಕೆಳಗೆ ಗಾಲ್ ಜನರ ದೊಡ್ಡ ಸೈನ್ಯವೊಂದು ಡೆಲ್ಫಿಯ ದೇಗುಲದ ಮೇಲೆ ಏರಿಬಂದಿತು. ಹಿಮ ಬಿದ್ದು, ಪಾರ್ನಾಸಸ್ ಬೆಟ್ಟದಿಂದ ಬಂಡೆಗಳು ಉರುಳಿ, ನಾಯಕನೂ ಗಾಯಗೊಂಡು, ಆ ಸೈನ್ಯ ಹಿಮ್ಮೆಟ್ಟತೊಡಗಿತು. ಕತ್ತಲಾದ ಜಾಗದಲ್ಲಿಯೇ ಅವರು ಬೀಡುಬಿಟ್ಟರು. ರಾತ್ರಿ ಮೊದಲಿಗೆ ಕೆಲವರಿಗೆ ಮಾತ್ರ ಕುದುರೆಗಳ ಗೊರಸಿನ ಸದ್ದು ಕೇಳಿದಂತಾಯಿತು. ಶತ್ರುಗಳು ಮೇಲೆ ಬಿದ್ದರೆಂದು ಅವರು ಎದ್ದರು. ಸ್ವಲ್ಪ ಹೊತ್ತಿನಲ್ಲಿಯೇ ಆ ಭ್ರಮೆ ಇಡೀ ಬೀಡನ್ನು ಆವರಿಸಿತು. ಆಯುಧ ಹಿಡಿದು ಎರಡು ಪಂಗಡವಾಗಿ ನಿಂತ ಅವರಿಗೆ ತಮ್ಮವರ ಮುಖ ಗುರುತಾಗಲಿಲ್ಲ, ತಮ್ಮ ಗುರಾಣಿಗಳ ಆಕಾರ ಗುರುತಾಗಲಿಲ್ಲ, ಎದುರಿನವನು ಆಡುತ್ತಿರುವುದು ತಮ್ಮ ತಾಯ್ನುಡಿಯೆಂಬುದೂ ತಿಳಿಯಲಿಲ್ಲ. ಗ್ರೀಕರೇ ಗ್ರೀಕ್ ಮಾತಾಡುತ್ತ ಬಂದಿದ್ದಾರೆಂದು ಬಗೆದು ಒಬ್ಬರನ್ನೊಬ್ಬರು ಕೊಂದುಕೊಂಡರು. ಬಯಲಿನಲ್ಲಿ ದನಗಳನ್ನು ಕಾಯಲು ಉಳಿದಿದ್ದ ಫೋಕಿಸ್ ಸೀಮೆಯವರು ಇದನ್ನು ಮೊದಲು ಅರಿತು ಉಳಿದ ಗ್ರೀಕರಿಗೆ ಸುದ್ದಿ ಮುಟ್ಟಿಸಿದರು. ಕಾರಣವಿಲ್ಲದ ಭಯಗಳು ಪಾನ್‌ನಿಂದ ಬರುತ್ತವೆಂದು ಜನ ಹೇಳುತ್ತಾರೆ ಎಂದು ಪೌಸೇನಿಯಸ್ ಇದೇ ಪ್ರಸಂಗದಲ್ಲಿ ಬರೆದಿದ್ದಾನೆ. ಈ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯೆ ಬೇಕಾಗಿಲ್ಲ.

ಹೀಗೆ ಎದ್ದ ಭೀತಿಯನ್ನು ಇಳಿಸುವ ಬಗೆಯೂ ಆ ಕಾಲದ ಸೇನಾಪತಿಗಳಿಗೆ ಗೊತ್ತಿತ್ತು. ಕ್ರಿಸ್ತಪೂರ್ವ 401ರಲ್ಲಿ, ಬ್ಯಾಬಿಲೋನಿನ ಹತ್ತಿರ ಕುನಾಕ್ಸ ಯುದ್ಧ ಮುಗಿದು ಗ್ರೀಕ್ ಕೂಲಿಸೈನ್ಯ ಪರದೇಶದ ನಡುವೆ ಸಿಕ್ಕಿಬಿದ್ದಿದ್ದಾಗ, ಒಂದು ರಾತ್ರಿ ಬೀಡಿನಲ್ಲಿ ಗದ್ದಲವೆದ್ದಿತು. ಸೇನಾನಾಯಕ ಕ್ಲಿಯಾರ್ಕಸ್ ತನ್ನ ಬಳಿಯಿದ್ದ ಗಟ್ಟಿದನಿಯ ಡಂಗುರದವನಿಂದ ಒಂದು ಘೋಷಣೆ ಮಾಡಿಸಿದನು: ಆಯುಧಗಳಿಟ್ಟ ಜಾಗಕ್ಕೆ ಕತ್ತೆಯನ್ನು ಬಿಟ್ಟವನು ಯಾರೆಂದು ತಿಳಿಸಿದವರಿಗೆ ಒಂದು ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಬೆಳ್ಳಿ ಬಹುಮಾನ. ಆ ಸೈನ್ಯದಲ್ಲಿಯೇ ಇದ್ದ ಜೆನೊಫನ್ ಇದನ್ನು ಬರೆದಿದ್ದಾನೆ. ಘೋಷಣೆ ಕೇಳಿದೊಡನೆ ಸೈನಿಕರು ಭಯ ಬರಿಯ ಪೊಳ್ಳೆಂದೂ ನಾಯಕರು ಕ್ಷೇಮವಾಗಿದ್ದಾರೆಂದೂ ತಿಳಿದು ಶಾಂತರಾದರು. ‘ಹೆದರಬೇಡಿ’ ಎಂದು ಕ್ಲಿಯಾರ್ಕಸ್ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕಾರಣವಿಲ್ಲದ ಭಯಕ್ಕೆ ಅವನು ಒಂದು ಚಿಕ್ಕ ಕಾರಣವನ್ನು ಒದಗಿಸಿದನು, ಅಷ್ಟಕ್ಕೇ ಭಯ ಕರಗಿತು. ನಮ್ಮ ಅಧಿಕಾರಿಗಳು ಪ್ರಕಟಣೆಯನ್ನು ಹೊರಡಿಸುವಾಗ ನೆನೆಯಬೇಕಾದ ಪ್ರಸಂಗವಿದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸುವುದು ಅಗತ್ಯ. ಕ್ರಿಸ್ತಪೂರ್ವ 490ರ ಮ್ಯಾರಥಾನ್ ಯುದ್ಧದಲ್ಲಿ ಪಾನ್ ಪರ್ಷಿಯನ್ನರಲ್ಲಿ ಭಯ ಹುಟ್ಟಿಸಿ ಓಡಿಸಿದನು, ಅದರಿಂದಲೇ ಈ ಪದ ಹುಟ್ಟಿತು ಎಂದು ಅನೇಕ ಕಡೆ ಬರೆಯುತ್ತಾರೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವುದು ಅಷ್ಟನ್ನಲ್ಲ. ಸಹಾಯ ಕೇಳಲು ಅಥೆನ್ಸಿನಿಂದ ಸುಮಾರು 240 ಕಿಲೋಮೀಟರ್ ದೂರದ ಸ್ಪಾರ್ಟಕ್ಕೆ ಓಡಿದ ದೂತನನ್ನು ಟೆಜಿಯ ಊರಿನ ಮೇಲಿನ ಪಾರ್ಥೆನಿಯನ್ ಬೆಟ್ಟದಲ್ಲಿ ಪಾನ್ ಹೆಸರು ಹಿಡಿದು ಕರೆದನು. ನಾನು ನಿಮ್ಮ ಊರಿಗೆ ಒಳ್ಳೆಯದನ್ನೇ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ, ಆದರೂ ನೀವು ನನ್ನನ್ನು ಏಕೆ ಗಮನಿಸುವುದಿಲ್ಲ ಎಂದು ಕೇಳಿದನು. ಅದನ್ನು ನಂಬಿದ ಅಥೆನ್ಸಿನವರು ಅಕ್ರೊಪೊಲಿಸ್ ಗುಡ್ಡದ ಕೆಳಗೆ ಅವನಿಗೆ ಪೂಜಾಸ್ಥಾನವನ್ನು ಕಲ್ಪಿಸಿ, ವರ್ಷವರ್ಷವೂ ಬಲಿಯನ್ನೂ ಪಂಜಿನ ಓಟವನ್ನೂ ನಡೆಸತೊಡಗಿದರು. ಇಷ್ಟೇ ಹೆರೊಡೋಟಸನ ಮಾತು. ಯುದ್ಧದಲ್ಲಿ ಭಯ ಹುಟ್ಟಿಸಿದ ಕಥೆ ನಂತರದವರು ಸೇರಿಸಿದ್ದು. ಆ ಗುಹೆ ಇಂದಿಗೂ ಅಕ್ರೊಪೊಲಿಸ್‌ನ ವಾಯವ್ಯದ ಓರೆಯಲ್ಲಿದೆ.

ಪದದ ಮೂಲಕ್ಕೆ ಕ್ರಿಸ್ತಶಕ 2ನೆಯ ಶತಮಾನದ ಪಾಲಿಯೀನಸ್ ಇನ್ನೊಂದು ಕಥೆಯನ್ನು ಹೇಳುತ್ತಾನೆ. ಅದರಲ್ಲಿ ಪಾನ್ ಡಯೊನೈಸಸ್ ದೇವರ ದಂಡನಾಯಕ. ಕಣಿವೆಯೊಂದರಲ್ಲಿ ಬೀಡುಬಿಟ್ಟಿದ್ದಾಗ ದೊಡ್ಡ ಶತ್ರುಸೈನ್ಯ ಹತ್ತಿರವಿದೆಯೆಂಬ ಸುದ್ದಿ ಬರುತ್ತದೆ. ಪಾನ್ ರಾತ್ರಿ ತನ್ನ ಸೈನಿಕರಿಗೆ ಒಟ್ಟಾಗಿ ಕೂಗಲು ಹೇಳುತ್ತಾನೆ. ಬಂಡೆಗಳಿಂದ ಮರುದನಿಯಾಗಿ ಬಂದ ಆ ಕೂಗು ಶತ್ರುಗಳಿಗೆ ಹಲವು ಪಟ್ಟು ದೊಡ್ಡ ಸೈನ್ಯದ ದನಿಯಾಗಿ ಕೇಳಿಸಿ ಅವರು ಓಡಿಹೋಗುತ್ತಾರೆ. ಇದು ಹೆಸರು ಮೊದಲೇ ಇದ್ದು ಅದಕ್ಕೆ ಆಮೇಲೆ ಕಟ್ಟಿದ ಕಥೆಯೆಂದು ಓದಿದ ಕೂಡಲೇ ತಿಳಿಯುತ್ತದೆ.

ಇನ್ನು ನೀವು ಕೇಳಿದ ‘ಪ್ಯಾಂಡೆಮಿಕ್’. ಅದಕ್ಕೂ ಪ್ಯಾನಿಕ್‌ಗೂ ಸಂಬಂಧವಿಲ್ಲ. ಪ್ಯಾಂಡೆಮಿಕ್‌ನಲ್ಲಿರುವ ಪ್ಯಾನ್ ಎಂದರೆ ಗ್ರೀಕಿನಲ್ಲಿ ‘ಎಲ್ಲ’. ಡೆಮೊಸ್ ಎಂದರೆ ಜನ. ಎಲ್ಲ ಜನರನ್ನೂ ತಗಲುವಂಥದು ಎಂದು ಅರ್ಥ. ‘ಪ್ಯಾನ್ ಇಂಡಿಯಾ ಸಿನಿಮಾ’ ಎನ್ನುವಾಗಿನ ಪ್ಯಾನ್ ಕೂಡ ಇದೇ. ಆದಾಯ ತೆರಿಗೆಯ ಪ್ಯಾನ್ ಕಾರ್ಡಿನದು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಷ್ಟೆ. ದೇವರ ಹೆಸರನ್ನೂ ‘ಎಲ್ಲ’ ಎಂಬ ಪದವನ್ನೂ ಗ್ರೀಕರೇ ಜೋಡಿಸಿದ್ದರು. ಮೇಕೆಗಾಲಿನ ಆ ಕೂಸನ್ನು ಕಂಡು ದೇವತೆಗಳೆಲ್ಲರೂ ಸಂತೋಷಪಟ್ಟದ್ದರಿಂದ ಪಾನ್ ಎಂಬ ಹೆಸರು ಬಂದಿತು ಎಂದು ಒಂದು ಪ್ರಾಚೀನ ಸ್ತುತಿ ಹೇಳುತ್ತದೆ. ಭಾಷಾವಿಜ್ಞಾನ ಇದನ್ನು ಒಪ್ಪುವುದಿಲ್ಲ.

ಭಾಷಾವಿಜ್ಞಾನಿಗಳಲ್ಲಿ ಹಲವರು ಒಪ್ಪುವ ಮೂಲ ನಮಗೆ ಬಹಳ ಹತ್ತಿರದ್ದು. ಅರ್ಕೇಡಿಯದ ಹಳೆಯ ಶಾಸನಗಳಲ್ಲಿ ಪಾನ್‌ನ ಹೆಸರು ‘ಪಾಓನ್’ ಎಂಬ ರೂಪದಲ್ಲಿದೆ. ಕಾಯುವುದು, ಮೇಯಿಸುವುದು ಎಂಬ ಅರ್ಥದ ‘ಪಾ’ ಧಾತುವಿನಿಂದ ಅದು ಬಂದಿರಬೇಕೆಂದು ಅವರ ಅಭಿಪ್ರಾಯ. ನಮ್ಮ ಗೋಪ, ಭೂಪ, ನೃಪ ಎಂಬ ಪದಗಳ ಕೊನೆಯಲ್ಲಿರುವ ‘ಪ’ ಆ ಧಾತುವಿನದು. ಕುರಿ ಕಾಯುವವನೆಂಬ ಅರ್ಥದ ಲ್ಯಾಟಿನ್ ಪದವಾಗಿದ್ದು ಈಗ ಚರ್ಚಿನ ಬೋಧಕರಿಗೆ ಸಲ್ಲುವ ‘ಪಾಸ್ಟರ್’ ಕೂಡ ಅದರ ಬಳಗ. ಇದರ ಜೊತೆಗೆ, ಪಾನ್ ಮತ್ತು ವೇದದ ಪೂಷನ್ ಮೂಲತಃ ಒಬ್ಬನೇ ದೇವರು ಎಂಬ ವಾದವನ್ನು ಹರ್ಮನ್ ಕೊಲಿಟ್ಸ್ ಎಂಬ ಭಾಷಾವಿಜ್ಞಾನಿ 1924ರಲ್ಲಿ ಮುಂದಿಟ್ಟರು. ಎಲ್ಲರೂ ಅದನ್ನು ಒಪ್ಪಿಲ್ಲ. ಸ್ವರಗಳ ಹೊಂದಾಣಿಕೆ ಸುಲಭವಲ್ಲ. ಆದರೆ ದೇವರ ಸ್ವಭಾವದಲ್ಲಿರುವ ಹೋಲಿಕೆಯನ್ನು ತಳ್ಳಿಹಾಕುವುದು ಕಷ್ಟ. ಋಗ್ವೇದದ 6ನೆಯ ಮಂಡಲದಲ್ಲಿ ಪೂಷನ್‌ನ ರಥವನ್ನು ಎಳೆಯುವುದು ಕುದುರೆಗಳಲ್ಲ, ಮೇಕೆಗಳು. ‘ಪೂಷಾ ಗಾ ಅನ್ವೇತು ನಃ’, ನಮ್ಮ ಹಸುಗಳ ಹಿಂದೆ ಪೂಷನ್ ಹೋಗಲಿ ಎಂಬ ಪ್ರಾರ್ಥನೆ ಅಲ್ಲಿದೆ. ಯಾವ ಹಸುವೂ ಕಳೆದುಹೋಗದಿರಲಿ, ಯಾವುದಕ್ಕೂ ಗಾಯವಾಗದಿರಲಿ, ಯಾವುದೂ ಗುಂಡಿಗೆ ಬಿದ್ದು ಕಾಲು ಮುರಿದುಕೊಳ್ಳದಿರಲಿ ಎಂದು ಅದು ಮುಂದುವರಿಯುತ್ತದೆ. ಮಂದೆ ಬೆದರಿ ಓಡಿದರೆ ಏನಾಗುತ್ತದೆಂದು ಕಂಡವರು ಮಾಡಿದ ಪ್ರಾರ್ಥನೆ ಅದು. ಈಶಾವಾಸ್ಯ ಉಪನಿಷತ್ತನ್ನು ಓದಿದವರಿಗೆ ‘ತತ್ ತ್ವಂ ಪೂಷನ್ನಪಾವೃಣು’ ಎಂಬಲ್ಲಿ ಇದೇ ಪೂಷನ್ ಪರಿಚಿತನು.

ಇಂಗ್ಲಿಷಿಗೆ ಪದ ಫ್ರೆಂಚಿನ ಮೂಲಕ ಬಂದಿತು. 17ನೆಯ ಶತಮಾನದ ಆರಂಭದಲ್ಲಿ ಅದು ವಿಶೇಷಣವಷ್ಟೆ. ‘ಪ್ಯಾನಿಕ್ ಫಿಯರ್’, ‘ಪ್ಯಾನಿಕ್ ಟೆರರ್’ ಎಂದು ಬರೆಯುತ್ತಿದ್ದರು, ಅಂದರೆ ‘ಪಾನ್‌ನ ಭಯ’. ಆಮೇಲೆ ‘ಫಿಯರ್’ ಬಿದ್ದುಹೋಗಿ ವಿಶೇಷಣವೇ ನಾಮಪದವಾಯಿತು. 19ನೆಯ ಶತಮಾನದಲ್ಲಿ ಕ್ರಿಯಾಪದವೂ ಆಯಿತು. ನಡುವೆ 18ನೆಯ ಶತಮಾನದಲ್ಲಿ ಹಣಕಾಸಿನ ಪೇಟೆಗೂ ಅದು ಹೊಕ್ಕಿತು. 1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಠೇವಣಿದಾರರ ದಾಳಿ ತಾಳಲಾರದೆ ಬಾಗಿಲು ಮುಚ್ಚಿದ್ದನ್ನು ಅಮೆರಿಕದ ಇತಿಹಾಸ ‘1907ರ ಪ್ಯಾನಿಕ್’ ಎಂದೇ ಕರೆಯುತ್ತದೆ. 1913ರಲ್ಲಿ ಆ ದೇಶ ಕೇಂದ್ರ ಬ್ಯಾಂಕ್ ವ್ಯವಸ್ಥೆಯನ್ನು ಕಟ್ಟಿಕೊಳ್ಳಲು ಅದೊಂದು ಮುಖ್ಯ ಕಾರಣ. ಬ್ಯಾಂಕಿನ ವಿಷಯದಲ್ಲಿ ಈ ಭಯಕ್ಕೆ ಇನ್ನೊಂದು ಗುಣ ಸೇರುತ್ತದೆ: ಗಟ್ಟಿಯಾಗಿರುವ ಬ್ಯಾಂಕನ್ನೂ, ಎಲ್ಲರೂ ಒಟ್ಟಿಗೆ ಹಣ ತೆಗೆಯಲು ಸಾಲುಗಟ್ಟಿದರೆ, ಭಯವೇ ಬೀಳಿಸಿಬಿಡುತ್ತದೆ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ನಮ್ಮ ಸರ್ಕಾರಿ ಪ್ರಕಟಣೆಗಳು ‘ಸಾರ್ವಜನಿಕರು ಆತಂಕಕ್ಕೆ ಒಳಗಾಗಬಾರದು’ ಎನ್ನುತ್ತವೆ. ಆತಂಕ ನಿಧಾನವಾಗಿ ಕೊರೆಯುವಂಥದು. ಒಬ್ಬನೇ ಮನೆಯಲ್ಲಿ ಕುಳಿತು ವರ್ಷಗಟ್ಟಲೆ ಆತಂಕಪಡಬಹುದು. ಪ್ಯಾನಿಕ್‌ಗೆ ‘ಗಾಬರಿ’ ಹೆಚ್ಚು ಒಪ್ಪುತ್ತದೆ. ಅದು ಮರಾಠಿಯ ‘ಘಾಬರಣೆ’, ಹಿಂದಿಯ ‘ಘಬರಾನಾ’ ಇವುಗಳ ಬಳಗದ ಪದವಾದರೂ ಈಗ ಪೂರ್ತಿಯಾಗಿ ನಮ್ಮದೇ. ದಿಢೀರನೆ ಬರುವುದು, ಕೈಕಾಲು ಆಡದಂತಾಗುವುದು, ಸುತ್ತಲಿನವರಿಗೂ ಹತ್ತಿಕೊಳ್ಳುವುದು ಎಲ್ಲವೂ ಅದರಲ್ಲಿವೆ. ಮೂಲಕ್ಕೆ ಇನ್ನೂ ಹತ್ತಿರವಾದದ್ದು ‘ಬೆದರು’. ಮನುಷ್ಯ ಹೆದರುತ್ತಾನೆ, ಅಂಜುತ್ತಾನೆ, ಅಳುಕುತ್ತಾನೆ. ಎತ್ತು ಬೆದರುತ್ತದೆ, ಕುದುರೆ ಬೆದರುತ್ತದೆ, ಕುರಿಮಂದೆ ಬೆದರಿ ದಿಕ್ಕಾಪಾಲಾಗುತ್ತದೆ. ಅರ್ಕೇಡಿಯದ ಕಾಯುವವನು ನಮ್ಮ ಕುರಿಗಾಹಿಯನ್ನು ಕೇಳಿದ್ದರೆ ಅವನಿಗೆ ಸಿಗುತ್ತಿದ್ದ ಪದ ಅದೇ. ಬಸ್ಸಿನಲ್ಲಿಯೂ ಟ್ಯಾಕ್ಸಿಯಲ್ಲಿಯೂ ಇರುವ ‘ಪ್ಯಾನಿಕ್ ಬಟನ್’ ವಿಷಯದಲ್ಲಿ ಮಾತ್ರ ಈ ಯಾವ ಪದವೂ ಬೇಡ. ಅದನ್ನು ಒತ್ತುವ ಹೆಣ್ಣುಮಗಳ ಎದುರಿಗೆ ನಿಜವಾದ ಅಪಾಯವಿದೆ. ಅದು ‘ತುರ್ತು ಗುಂಡಿ’.

ನಮ್ಮ ನಾಡಿನಲ್ಲಿ ಈ ಪದಕ್ಕೆ ಪೂರ್ತಿ ಸಲ್ಲುವ ಘಟನೆ 2012ರ ಆಗಸ್ಟಿನಲ್ಲಿ ನಡೆಯಿತು. ಆ ವರ್ಷದ ಜುಲೈಯಲ್ಲಿ ಅಸ್ಸಾಮಿನ ಕೋಕ್ರಾಝಾರ್ ಸುತ್ತ ಹಿಂಸಾಚಾರವಾಗಿತ್ತು. ಈಶಾನ್ಯ ರಾಜ್ಯಗಳವರ ಮೇಲೆ ಬೆಂಗಳೂರಿನಲ್ಲಿ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹಬ್ಬಿ, ಎರಡು ಮೂರು ದಿನಗಳಲ್ಲಿ ಸಾವಿರಾರು ಜನ ನಗರದ ರೈಲು ನಿಲ್ದಾಣದಲ್ಲಿ ನೆರೆದರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳುಹಿಸದಂತೆ ಕೇಂದ್ರ ಸರ್ಕಾರ ದೇಶದಾದ್ಯಂತ 15 ದಿನಗಳ ನಿರ್ಬಂಧವನ್ನು ಹೇರಿತು. ಊರಿನ ಸುದ್ದಿ ಕೇಳಿ ಮೊದಲೇ ನೊಂದಿದ್ದವರನ್ನು ಹೇಡಿಗಳೆಂದು ಕರೆಯುವುದು ಅನ್ಯಾಯ. ತನ್ನ ಕೋಣೆಯ ಗೆಳೆಯ ಚೀಲ ಕಟ್ಟುತ್ತಿರುವುದನ್ನು ಕಂಡವನಿಗೆ ಆ ದೃಶ್ಯವೇ ಸಾಕ್ಷಿಯಾಗಿಬಿಡುತ್ತದೆ.

ಅದೇ ರೀತಿ, ಈ ಪದವನ್ನು ಬಳಸಬಾರದ ಸಂದರ್ಭವೂ ಒಂದಿದೆ. ಜನಸಂದಣಿಯಲ್ಲಿ ಸಾವುಗಳಾದಾಗ ‘ಜನ ಪ್ಯಾನಿಕ್ ಆಗಿ ನುಗ್ಗಿದ್ದರಿಂದ’ ಎಂದು ವರದಿ ಮಾಡುವುದು ರೂಢಿಯಾಗಿದೆ. ಜನದಟ್ಟಣೆಯನ್ನು ಅಧ್ಯಯನ ಮಾಡಿದವರು ಬೇರೆಯದನ್ನೇ ಹೇಳುತ್ತಾರೆ: ಒತ್ತೊತ್ತಾಗಿ ನಿಂತ ಗುಂಪು ಒಂದು ಮಿತಿಯನ್ನು ದಾಟಿದರೆ ಯಾರೂ ತಮ್ಮ ಇಚ್ಛೆಯಂತೆ ಕಾಲು ಕದಲಿಸಲಾರರು, ಎದೆಗೂಡು ಅದುಮಿ ಉಸಿರು ಕಟ್ಟಿ ಸಾಯುತ್ತಾರೆ, ಅಲ್ಲಿನ ಭಯ ಸಾವಿಗೆ ಕಾರಣವಲ್ಲ, ಸಾವು ಎದುರಿಗೆ ಬಂದದ್ದರ ಫಲ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ 1989ರಲ್ಲಿ ನಡೆದ ದುರಂತದಲ್ಲಿ 97 ಜನ ಪ್ರಾಣ ಕಳೆದುಕೊಂಡರು. ಪ್ರೇಕ್ಷಕರ ತಪ್ಪಿಲ್ಲವೆಂದು 2016ರಲ್ಲಿ ನ್ಯಾಯಮಂಡಳಿ ಹೇಳುವವರೆಗೆ ಆ ಕುಟುಂಬಗಳು ಹೋರಾಡಬೇಕಾಯಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು 11 ಜನರನ್ನು ಕಳೆದುಕೊಂಡ ನಮಗೆ ಈ ವ್ಯತ್ಯಾಸ ತಿಳಿದಿರಬೇಕು. ಕಾರಣವಿಲ್ಲದ ಭಯ ಎಂಬ ಅರ್ಥದ ಪದವನ್ನು ಅಲ್ಲಿ ಬಳಸಿದರೆ ತಪ್ಪು ಸತ್ತವರ ತಲೆಯ ಮೇಲೆ ಬೀಳುತ್ತದೆ.

ಪ್ರಶ್ನೆ: ಸಾಮೆಯ ಸಸ್ಯಶಾಸ್ತ್ರೀಯ ಹೆಸರು ‘ಪ್ಯಾನಿಕಮ್’ ಎಂದು ಕೃಷಿ ಇಲಾಖೆಯ ಕಿರುಹೊತ್ತಗೆಯಲ್ಲಿ ಓದಿದೆ. ಇದಕ್ಕೂ ಪ್ಯಾನಿಕ್ ಎಂಬ ಪದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಇಲ್ಲ. ಲ್ಯಾಟಿನ್ನಿನಲ್ಲಿ ಕಿರುಧಾನ್ಯದ ತೆನೆಗೆ ‘ಪಾನುಸ್’ ಎಂಬ ಹೆಸರಿದ್ದಿತು. ಅದರಿಂದ ಆ ಧಾನ್ಯಕ್ಕೆ ‘ಪಾನಿಕುಮ್’ ಎಂಬ ಹೆಸರು ಬಂದಿತು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಜೋಡಿಹೆಸರು ಕೊಟ್ಟಾಗ ಈ ಹಳೆಯ ಪದವನ್ನು ಕುಲನಾಮವಾಗಿ ಉಳಿಸಿಕೊಂಡನು. ನಮ್ಮ ಸಾಮೆ ಪ್ಯಾನಿಕಮ್ ಸುಮಾತ್ರೆನ್ಸ್, ಬರಗು ಪ್ಯಾನಿಕಮ್ ಮಿಲಿಯೇಸಿಯಮ್. ನವಣೆಯನ್ನೂ ಲಿನೇಯಸ್ ಇದೇ ಕುಲದಲ್ಲಿ ಇರಿಸಿದ್ದನು. ಈಗ ಅದು ಸೆಟೇರಿಯ ಕುಲಕ್ಕೆ ಸೇರಿದೆ. ಕವಲೊಡೆದು ಬಾಗುವ ತೆನೆಗೆ ಸಸ್ಯಶಾಸ್ತ್ರಜ್ಞರು ಹೇಳುವ ‘ಪ್ಯಾನಿಕಲ್’ ಎಂಬ ಪದವೂ ಪಾನುಸ್‌ನಿಂದಲೇ ಬಂದದ್ದು. ಸಾಮೆಯ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಹೆಸರು ಏಕೆ ಬಂದಿತೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಈ ಕುಲದ ಹುಲ್ಲುಗಳನ್ನು ‘ಪ್ಯಾನಿಕ್ ಗ್ರಾಸ್’ ಎಂದು ಕರೆಯುವುದರಿಂದ ಗೊಂದಲ ಸಹಜ. ಕಾಗುಣಿತ ಒಂದೇ, ಕುಲ ಬೇರೆ.

ಪ್ರಶ್ನೆ: ಕಾಲೇಜಿಗೆ ಹೋಗುವ ನನ್ನ ಮಗಳು ತನಗೆ ‘ಪ್ಯಾನಿಕ್ ಅಟ್ಯಾಕ್’ ಆಯಿತು ಎನ್ನುತ್ತಾಳೆ. ಅವಳ ಅಜ್ಜಿ ಅದನ್ನು ‘ಫೋಬಿಯಾ’ ಎನ್ನುತ್ತಾರೆ. ಎರಡೂ ಒಂದೆಯೇ? ಗುಂಪಿನ ಭಯಕ್ಕೆ ಹುಟ್ಟಿದ ಪದ ಒಬ್ಬರಿಗೆ ಹೇಗೆ ಅನ್ವಯಿಸುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡೂ ಒಂದಲ್ಲ. ಫೋಬೊಸ್ ಎಂಬವನು ಗ್ರೀಕರ ಯುದ್ಧದೇವತೆ ಏರಿಸ್‌ನ ಮಗ. ಹೋಮರನಲ್ಲಿ ಆ ಪದಕ್ಕೆ ಭಯಕ್ಕಿಂತ ಹೆಚ್ಚಾಗಿ ರಣರಂಗದಿಂದ ಓಡುವುದು ಎಂಬ ಅರ್ಥವಿದೆ. 1877ರಲ್ಲಿ ಏಸಫ್ ಹಾಲ್ ಮಂಗಳಗ್ರಹದ ಎರಡು ಉಪಗ್ರಹಗಳನ್ನು ಕಂಡುಹಿಡಿದಾಗ ಅವುಗಳಿಗೆ ಫೋಬೊಸ್ ಮತ್ತು ಅವನ ಸಹೋದರ ಡೈಮೊಸ್‌ನ ಹೆಸರನ್ನು ಇಡಲಾಯಿತು. ಇಂದಿನ ವೈದ್ಯಕೀಯದಲ್ಲಿ ಫೋಬಿಯಾ ಎಂದರೆ ಗೊತ್ತಾದ ಒಂದು ವಸ್ತುವಿಗೋ ಸನ್ನಿವೇಶಕ್ಕೋ ಅಂಟಿಕೊಂಡ ಮಿತಿಮೀರಿದ ಭಯ: ಎತ್ತರ, ಮುಚ್ಚಿದ ಕೋಣೆ, ನಾಯಿ. ಏನಕ್ಕೆ ಭಯವೆಂದು ಅವರಿಗೆ ತಿಳಿದಿರುತ್ತದೆ. ಪ್ಯಾನಿಕ್ ಅಟ್ಯಾಕ್ ಅನೇಕ ಸಲ ಯಾವ ಸುಳಿವೂ ಇಲ್ಲದೆ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಉಸಿರು ಸಿಗದಂತಾಗುತ್ತದೆ, ಸತ್ತೇಹೋಗುತ್ತೇನೆ ಎನಿಸುತ್ತದೆ. ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರಿ ಆಮೇಲೆ ಇಳಿಯುತ್ತದೆ. ಕಾರಣ ಕಾಣದಿರುವುದು, ಹಠಾತ್ತಾಗಿ ಎರಗುವುದು ಎಂಬ ಹಳೆಯ ಲಕ್ಷಣಗಳು ಇಲ್ಲಿಯೂ ಇರುವುದರಿಂದ ಹೆಸರು ಒಪ್ಪುತ್ತದೆ. ಪಾನ್ ಒಬ್ಬರ ಮೇಲೆಯೇ ಎರಗಬಲ್ಲನೆಂಬ ನಂಬಿಕೆ ಗ್ರೀಕರಲ್ಲಿಯೂ ಇತ್ತು. ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಮೀಡಿಯಾ’ ನಾಟಕದಲ್ಲಿ ರಾಜಕುಮಾರಿ ಇದ್ದಕ್ಕಿದ್ದಂತೆ ಬಣ್ಣಗೆಟ್ಟು ನಡುಗುತ್ತ ಕುಸಿದಾಗ, ಮುದಿ ದಾಸಿಯೊಬ್ಬಳು ಪಾನ್‌ನೋ ಇನ್ನಾವ ದೇವರೋ ಮೈಮೇಲೆ ಬಂದಿರಬೇಕೆಂದು ಬಗೆದು ದೇವರನ್ನು ಕೂಗುತ್ತಾಳೆ. ಅಲ್ಲಿ ನಿಜವಾದ ಕಾರಣ ಉಡುಪಿಗೆ ಹಚ್ಚಿದ ವಿಷ.

1960ರ ದಶಕದಲ್ಲಿ ಡೊನಾಲ್ಡ್ ಕ್ಲೈನ್ ಎಂಬ ಅಮೆರಿಕದ ಮನೋವೈದ್ಯರು, ಇಮಿಪ್ರಮೀನ್ ಎಂಬ ಔಷಧ ಈ ಹಠಾತ್ ದಾಳಿಗಳನ್ನು ತಡೆಯುತ್ತದೆಂದೂ ದಾಳಿಗಳ ನಡುವಿನ ಆತಂಕವನ್ನು ಅಷ್ಟಾಗಿ ತಗ್ಗಿಸುವುದಿಲ್ಲವೆಂದೂ ಕಂಡುಕೊಂಡರು. ಆತಂಕವೂ ಪ್ಯಾನಿಕ್ಕೂ ಬೇರೆ ಬೇರೆ ಎಂಬ ವೈದ್ಯಕೀಯ ತಿಳಿವಳಿಕೆಗೆ ಅದು ಬುನಾದಿಯಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ‘ಪ್ಯಾನಿಕ್ ಡಿಸಾರ್ಡರ್’ ಪ್ರತ್ಯೇಕ ಕಾಯಿಲೆಯಾಗಿ ಸೇರಿತು. ಒಮ್ಮೆ ದಾಳಿಯಾದ ಮಾತ್ರಕ್ಕೆ ಆ ಕಾಯಿಲೆ ಇದೆಯೆಂದಲ್ಲ.

ಪದದ ವಿಷಯವನ್ನು ಬಿಟ್ಟು ಒಂದು ಮಾತು ಹೇಳಬೇಕು. ನಿಮ್ಮ ಮಗಳಿಗೆ ಎದೆನೋವು, ಉಸಿರಾಟದ ತೊಂದರೆ ಬಂದಿದ್ದರೆ ಮೊದಲು ವೈದ್ಯರಿಂದ ಹೃದಯದ ಪರೀಕ್ಷೆ, ರಕ್ತಪರೀಕ್ಷೆ ಮಾಡಿಸಿರಿ. ಥೈರಾಯ್ಡ್ ಏರುಪೇರಾದರೂ ಇಂಥ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಅದೇನೂ ಇಲ್ಲವೆಂದಾದರೆ ‘ಏನೂ ಆಗಿಲ್ಲ, ಸುಮ್ಮನೆ ಹೆದರುತ್ತೀಯೆ’ ಎಂದು ತಳ್ಳಿಹಾಕದೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಔಷಧದಿಂದಲೂ ಮಾತಿನ ಚಿಕಿತ್ಸೆಯಿಂದಲೂ ಇದು ಚೆನ್ನಾಗಿ ಹತೋಟಿಗೆ ಬರುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ಇಂಗ್ಲಿಷಿನಲ್ಲಿ ‘ಪ್ಯಾನಿಕ್’ ಬರೆಯುವಾಗ ಕೊನೆಗೆ ‘ಸಿ’ ಇದೆ, ‘ಪ್ಯಾನಿಕ್ಡ್’, ‘ಪ್ಯಾನಿಕಿಂಗ್’ ಬರೆಯುವಾಗ ‘ಸಿ’ ಆದಮೇಲೆ ‘ಕೆ’ ಏಕೆ ಬರುತ್ತದೆ?
– ವಿದ್ಯಾರ್ಥಿನಿಯೊಬ್ಬರು, ಬಾಗಲಕೋಟೆ

ಉತ್ತರ: ಇಂಗ್ಲಿಷಿನಲ್ಲಿ ‘ಸಿ’ ಅಕ್ಷರದ ಮುಂದೆ ‘ಇ’, ‘ಐ’, ‘ವೈ’ ಅಕ್ಷರಗಳಲ್ಲಿ ಯಾವುದಾದರೂ ಬಂದರೆ ಸಾಮಾನ್ಯವಾಗಿ ‘ಸಿ’ಗೆ ಸಕಾರದ ಉಚ್ಚಾರಣೆ ಬರುತ್ತದೆ; ಸಿಟಿ, ಸೆಂಟರ್ ಎಂಬಲ್ಲಿ ನೋಡಿರಿ. ಪ್ರತ್ಯಯ ಸೇರಿದಾಗಲೂ ಕಕಾರದ ಉಚ್ಚಾರಣೆ ಉಳಿಯಲೆಂದು ನಡುವೆ ‘ಕೆ’ ಸೇರಿಸುತ್ತಾರೆ. ಪಿಕ್ನಿಕ್, ಮಿಮಿಕ್, ಟ್ರಾಫಿಕ್ ಎಂಬ ಕ್ರಿಯಾಪದಗಳಿಗೂ ಇದೇ ನಿಯಮ. ‘ಪ್ಯಾನಿಕಿ’ ಎಂಬ ವಿಶೇಷಣದಲ್ಲಿ ‘ವೈ’ಗೆ ಮುಂಚೆ ‘ಕೆ’ ಬರುವುದೂ ಇದರಿಂದಲೇ.